ಗಾಣದ ಬಾಗಿಲಲ್ಲಿ ಒಣಗಿದ ಪಾರುಪತ್ಯಗಾರ

ಒಂದು ರಾಜ್ಯವಿತ್ತು. ಆ ರಾಜ್ಯಕ್ಕೊಬ್ಬ ರಾಜನಿದ್ದ, ರಾಜನಿಗೊಂದು ನಾಲಗೆಯಿತ್ತು, ಆ ನಾಲಗೆಗೆ ಬೆಲ್ಲದ ಚಟವಿತ್ತು. ಇಷ್ಟಿದ್ದ ಮೇಲೆ ಕಥೆಗೆ ಇನ್ನೇನು ಬೇಕು? ಕೂತುಕೊಳ್ಳಿ, ಹೇಳುತ್ತೇನೆ.

ರಾಜನ ಹೆಸರು ಸೋಮರಾಜ. ಬೆಳಗ್ಗೆ ಅವನಿಗೆ ಬೆಲ್ಲದ ಪಾನಕ, ಮಧ್ಯಾಹ್ನ ಬೆಲ್ಲದ ಹೋಳಿಗೆ, ಮಲಗುವ ಮುಂಚೆ ಹಾಲಿಗೆ ಬೆಲ್ಲ. ಕೆಟ್ಟವನಲ್ಲ, ಆದರೆ ಬಾಯಿ ತುಂಬ ಸಿಹಿ ಇರುವವನು ಪ್ರಶ್ನೆ ಕೇಳುವುದು ಹೇಗೆ ಹೇಳಿ. ಬೆಲ್ಲ ಬರುತ್ತಿತ್ತು, ತಿನ್ನುತ್ತಿದ್ದ. ಎಲ್ಲಿಂದ ಬರುತ್ತೆ, ಯಾರ ಬೆವರು, ಯಾರ ಕಣ್ಣೀರು ಅಂತ ಒಂದು ದಿನವೂ ಕೇಳಿದವನಲ್ಲ.

ಆ ರಾಜ್ಯದ ತೂಬಿನಹಳ್ಳಿಯಲ್ಲಿ ದ್ಯಾವಮ್ಮ ಅಂತ ಒಬ್ಬ ಹೆಂಗಸಿದ್ದಳು. ಅವಳ ಗಂಡ ಬೋರಯ್ಯ ಮೆತ್ತಗಿನ ಮನುಷ್ಯ, ಎತ್ತು ಕಾಲು ತುಳಿದರೂ "ಪಾಪ, ಅದಕ್ಕೇನು ಗೊತ್ತು" ಅನ್ನುವವನು. ಅವನಲ್ಲಿ ಇಲ್ಲದ ಸಿಟ್ಟನ್ನೆಲ್ಲ ದೇವರು ದ್ಯಾವಮ್ಮನಿಗೆ ಕೊಟ್ಟಿದ್ದ. ಅವಳು ನಾಲೆ ಏರಿಯ ಮೇಲೆ ನಡೆದು ಬರುತ್ತಿದ್ದರೆ ಗದ್ದೆಗಳಿಗೆ ನೀರು ಬಿಡುವ ನೀರುಗಂಟಿ ಕೂಡ ಎದ್ದು ನಿಲ್ಲುತ್ತಿದ್ದ. ಆದರೆ ಸುಳ್ಳು ಸಿಟ್ಟಲ್ಲ ಅವಳದು. ನ್ಯಾಯ ತಪ್ಪಿದ ಕಡೆ ಮಾತ್ರ ಏಳುವ ಸಿಟ್ಟು.

ಅವರ ಬದುಕೆಲ್ಲ ಕಬ್ಬಿನ ಗದ್ದೆ. ಕಬ್ಬು ಅಂದರೆ ವರ್ಷದ ಬಾಣಂತನ ಇದ್ದ ಹಾಗೆ. ತುಂಡು ಹೂಳಬೇಕು, ಮಣ್ಣು ಏರಿಸಬೇಕು, ಒಣಗಿದ ಎಲೆಯ ತರಗು ಬಿಡಿಸಬೇಕು, ಗರಿಯ ಅಂಚಿಗೆ ಮೈ ಕೊಯ್ಯಿಸಿಕೊಳ್ಳಬೇಕು. ಕೊಯ್ದ ಮೇಲೂ ಮುಗಿಯಲಿಲ್ಲ ಅನ್ನಿ. ಬುಡದಿಂದ ಮತ್ತೆ ಚಿಗುರುತ್ತದೆ, ಅದಕ್ಕೆ ಕೂಳೆ ಅಂತಾರೆ. ಕೂಳೆಗೆ ಬಿತ್ತನೆ ಬೇಡ, ಉಳುಮೆ ಬೇಡ, ನೀರು ಮಾತ್ರ ಬೇಕು. ನೀರು ತಪ್ಪಿತೋ, ಬುಡ ಸತ್ತಿತು, ಗದ್ದೆ ಸತ್ತಿತು.

ಮುಂಚೆ ಊರೂರಿಗೂ ಒಂದು ಗಾಣವಿತ್ತು. ಬೆಳಗ್ಗೆ ಕಡಿದ ಕಬ್ಬನ್ನು ಸಂಜೆಯೊಳಗೆ ಅರೆದು, ಕಬ್ಬಿನ ಹಾಲು ಕಾಯಿಸಿ, ಬೆಲ್ಲ ಹೊಯ್ದುಬಿಡುತ್ತಿದ್ದರು. ಆಮೇಲೆ ಅರಮನೆಗೆ ಮಲ್ಲರಸಯ್ಯ ಅಂತ ಒಬ್ಬ ಬಂದ. ರಾಜನ ಕಿವಿಯಲ್ಲಿ ಹೇಳಿದ: "ಪ್ರಭು, ಊರೂರು ಬೆಲ್ಲ ಊರೂರು ರುಚಿ. ಒಂದೇ ದೊಡ್ಡ ಗಾಣ ಮಾಡಿಸಿ, ಒಂದೇ ರುಚಿ ಬರುತ್ತದೆ." ರಾಜ ನಾಲಗೆ ಚಪ್ಪರಿಸಿದ. ಊರ ಗಾಣಗಳಿಗೆಲ್ಲ ಮುದ್ರೆ ಬಿತ್ತು. ಮಲ್ಲರಸಯ್ಯನೇ ರಾಜಗಾಣದ ಪಾರುಪತ್ಯಗಾರನಾದ.

ಅವನು ಮಾಡಿದ ಕಟ್ಟಳೆ ಕೇಳಿ. ಪ್ರತಿ ಮನೆಯವರೂ ಸುಗ್ಗಿಗೆ ಮೂರು ಗಾಡಿ ಕಬ್ಬು ತರಬೇಕು. ಗಾಣದ ಬಾಗಿಲ ದೊಡ್ಡ ತಕ್ಕಡಿಯಲ್ಲಿ ಒಂದೊಂದು ಗಾಡಿಯ ಕಬ್ಬೂ ಗುರುತುಕಲ್ಲಿಗೆ ಸರಿತೂಗಬೇಕು. ತೂಗಿದರೆ ಬೆಳೆದವರಿಗೆ ಅರ್ಧ ಬೆಲ್ಲ. ತೂಗದಿದ್ದರೆ ಒಂದು ಅಚ್ಚೂ ಇಲ್ಲ. ಮೂರು ಗಾಡಿಯೂ ಹಗುರವಾದರೆ ಆ ಮನೆಯ ಗದ್ದೆಯ ತೂಬು ಬಂದ್. ನೀರಿಲ್ಲದೆ ಒಣಗಿದ ಗದ್ದೆ ಕೊನೆಗೆ ಯಾರ ಪಾಲಾಗುತ್ತಿತ್ತು ಅಂತೀರಿ? ಮಲ್ಲರಸಯ್ಯನ ಭಾವಮೈದುನನ ಪಾಲು.

ಆ ವರ್ಷ ದ್ಯಾವಮ್ಮ ಮೊದಲ ಗಾಡಿ ಹೊಡೆದುಕೊಂಡು ಬಂದಳು. ಹಸಿ ಕಬ್ಬು, ಗಾಡಿಯ ಅಚ್ಚು ಕಿರುಗುಟ್ಟುವಷ್ಟು ಭಾರ. ಬಾಗಿಲಲ್ಲಿ ಕಾವಲುಗಾರ ಮುದ್ದಯ್ಯ ಕೋಲು ಅಡ್ಡ ಹಿಡಿದ.

"ಇವತ್ತು ಗಾಣದ ಉರುಳೆ ಕೆಟ್ಟದೆ ಕಣವ್ವ. ನಿಂತ್ಕ."

ನಿಂತಳು. ಮಾರನೆಯ ದಿನ ಕೇಳಿದಳು.

"ಇವತ್ತು ಕೊಪ್ಪರಿಗೆ ತೊಳೀತಾವ್ರೆ. ನಿಂತ್ಕ."

ನಿಂತಳು. ಅದರ ಮಾರನೆಯ ದಿನ ಕೇಳಿದಳು.

"ಅಯ್ಯನೋರು ಊಟಕ್ಕೆ ಹೋಗವ್ರೆ."

"ಬೆಳಗ್ಗಿಂದ್ಲೂವಾ?"

"ದೊಡ್ಡೋರ ಊಟ ಕಣವ್ವ, ಬಿರ್ರನೆ ಮುಗೀತದಾ? ನಿಂತ್ಕ."

ಶಿವರಾತ್ರಿ ಕಳೆದ ಬಿಸಿಲು. ಗಾಡಿಯಲ್ಲಿದ್ದ ಕಬ್ಬು ಸೊರಗಿತು, ಸಿಪ್ಪೆ ಸುಕ್ಕಾಯಿತು. ಕೊನೆಗೆ ಕರೆದರು. ಆಳುಗಳು ತುದಿಯ ಸೋಗೆ ಕತ್ತರಿಸಿದರು, ತರಗು ಕಿತ್ತರು, ಬುಡದ ಮಣ್ಣು ಬಡಿದರು. ತಕ್ಕಡಿಗೆ ಹಾಕಿದರೆ ಕಬ್ಬಿನ ತಟ್ಟೆ ಮೇಲಕ್ಕೆ ಹಾರಿತು, ಗುರುತುಕಲ್ಲು ನೆಲ ಬಿಟ್ಟು ಅಲ್ಲಾಡಲಿಲ್ಲ.

"ಹಗುರ," ಅಂದ ಮಲ್ಲರಸಯ್ಯ, ಹಲ್ಲಿಗೆ ಕಡ್ಡಿ ಆಡಿಸುತ್ತ.

"ಬಿಸಿಲಲ್ಲಿ ನಿಲ್ಲಿಸಿ ಒಣಗಿಸಿದ್ಯಲ್ಲಯ್ಯಾ! ನೀರಾರಿ ಹೋದ್ರೆ ತೂಕ ಎಲ್ಲಿಂದ ಬತ್ತದೆ? ಸಿಹಿ ಏನಾರ ಆರೋಯ್ತದಾ? ಅದು ನಿನ್ನ ಕೊಪ್ಪರಿಗೇಲೇ ಉಳೀತದೆ!"

"ಒಂದು ವಸ್ತು ನಿಂತಲ್ಲೇ ಹಗುರವಾಗುತ್ತದೆಯೇನಮ್ಮಾ? ತೂಕವೆಂದರೆ ತೂಕ. ತಕ್ಕಡಿ ಹೇಳಿದ್ದೇ ಸತ್ಯ. ಮುಂದಿನ ಗಾಡಿ!"

ಎರಡನೆಯ ಗಾಡಿಗೆ ದ್ಯಾವಮ್ಮ ಜಾಣತನ ಮಾಡಿದಳು. ಗೋಣಿತಾಟು ನೆನೆಸಿ ಕಬ್ಬಿನ ಮೇಲೆ ಹೊದಿಸಿದಳು, ಬಿಸಿಲು ತಾಗದಿರಲಿ ಅಂತ. ಮಲ್ಲರಸಯ್ಯ ಅದನ್ನು ಕಂಡು ಊರೆಲ್ಲ ಕೇಳುವ ಹಾಗೆ ಕೂಗಿದ:

"ನೋಡಿ, ನೋಡಿ! ನೀರು ಚೆಲ್ಲಿ ತೂಕ ಏರಿಸಲು ಬಂದಿದ್ದಾಳೆ! ಕಳ್ಳಿ!"

ತಾಟು ಕಿತ್ತು ಎಸೆದರು. ಮತ್ತೆ ಉರುಳೆ ಕೆಟ್ಟಿತು, ಕೊಪ್ಪರಿಗೆ ತೊಳೆದರು, ಅಯ್ಯನವರು ಊಟಕ್ಕೆ ಹೋದರು. ಎರಡನೆಯ ಗಾಡಿಯೂ ಹಗುರ.

ದ್ಯಾವಮ್ಮ ಆ ದಿನ ಬರಿಗಾಡಿಯಲ್ಲಿ ಮನೆಗೆ ಬಂದಳು. ಬೆಲ್ಲ ಹೋಯಿತು ಅಂತ ಅಷ್ಟು ಉರಿಯಲಿಲ್ಲ ಅವಳಿಗೆ. ಹುಟ್ಟಿದಾಗಿನಿಂದ ಪರರ ಒಂದು ಕಬ್ಬಿನ ಜಲ್ಲೆಯನ್ನೂ ಮುರಿಯದವಳನ್ನು ಸಾಲುಗಟ್ಟಿದ ಜನರೆದುರು ಕಳ್ಳಿ ಅಂದನಲ್ಲ! ಒಲೆಯ ಮುಂದೆ ಕೂತರೆ ಒಲೆಗಿಂತ ಅವಳೇ ಹೆಚ್ಚು ಉರಿಯುತ್ತಿದ್ದಳು. ಗದ್ದೆಯಲ್ಲಿ ಇನ್ನು ಒಂದೇ ಗಾಡಿಯಷ್ಟು ಕಬ್ಬು ನಿಂತಿದೆ. ಅದೂ ಹಗುರವಾದರೆ ತೂಬು ಮುಚ್ಚುತ್ತಾರೆ. ಈಗಾಗಲೇ ಕಡಿದ ಕಡೆ ಕೂಳೆ ಗೇಣುದ್ದ ಎದ್ದು ನೀರು ನೀರು ಅನ್ನುತ್ತಿದೆ.

"ನಾ ಅರಮನೆಗೆ ಹೋಯ್ತೀನಿ," ಅಂದಳು.

"ಬುಡು ಕಣೇ," ಅಂದ ಬೋರಯ್ಯ. "ಅಲ್ಲಿ ಹೋಗಿ ಸಿಟ್ಟು ಮಾಡ್ಕಂಡ್ರೆ ತಲೆ ತೆಗೀತಾರೆ."

"ನೀರು ಹೋದ್ಮೇಲೆ ತಲೆ ಮಡೀಕಂಡು ಏನ್ ಮಾಡ್ಲಿ, ನಾಟಿ ಹಾಕ್ಲಾ?"

ಹೋದಳು. ಅರಮನೆಯಲ್ಲಿ ಸೋಮರಾಜ ಹೋಳಿಗೆ ತಿನ್ನುತ್ತಿದ್ದ. ಪಕ್ಕದಲ್ಲೇ ಮಲ್ಲರಸಯ್ಯ ತುಪ್ಪದ ಗಿಂಡಿ ಹಿಡಿದು ನಿಂತಿದ್ದ. ದ್ಯಾವಮ್ಮ ನಡೆದದ್ದನ್ನೆಲ್ಲ ಹೇಳಿದಳು. ರಾಜ ಬಾಯಿ ಒರೆಸಿಕೊಂಡು, "ಏನು ಮಲ್ಲರಸಯ್ಯ?" ಅಂದ.

"ಪ್ರಭು, ನಮ್ಮ ಗಾಣದ ಕಟ್ಟಳೆಗೆ ತಾವೇ ಮುದ್ರೆ ಒತ್ತಿದ್ದೀರಿ. ಮೊದಲು ಬಂದವರು ಮೊದಲು, ಸಾಲು ಬಿಟ್ಟವರು ಕಡೆಗೆ. ಎಲ್ಲರಿಗೂ ಒಂದೇ ತಕ್ಕಡಿ. ಎಲ್ಲೋ ಸ್ವಲ್ಪ ಹೊತ್ತು ಕಾಯಬೇಕಾಗಬಹುದು. ಕಾದ ಮಾತ್ರಕ್ಕೆ ಯಾರಾದರೂ ಹಗುರವಾಗುತ್ತಾರೆಯೇ? ನಾನು ತಮ್ಮ ಸನ್ನಿಧಿಯಲ್ಲಿ ದಿನವೆಲ್ಲ ಕಾಯುತ್ತೇನೆ. ನಾನೇನು ಸೊರಗಿದ್ದೇನೆಯೇ?"

ಅವನ ಹೊಟ್ಟೆ ನೋಡಿ ರಾಜ ಗಹಗಹಿಸಿ ನಕ್ಕ. ಆಸ್ಥಾನವೂ ನಕ್ಕಿತು.

ದ್ಯಾವಮ್ಮನಿಗೆ ಸಿಟ್ಟು ನೆತ್ತಿಗೇರಿತು. ಬೈಗುಳ ಗಂಟಲವರೆಗೂ ಬಂತು. ಆದರೆ ಬೆಲ್ಲ ಕಾಯಿಸುವವರಿಗೆ ಒಂದು ಗೊತ್ತಿರುತ್ತದೆ. ಪಾಕ ಉಕ್ಕಿ ಬಂದಾಗ ಉರಿ ಹಿಂದಕ್ಕೆಳೆಯಬೇಕು. ಎಳೆಯದಿದ್ದರೆ ಉಕ್ಕಿ ಒಲೆಯ ಪಾಲು, ಇಲ್ಲ ಸೀದು ಕಹಿ. ಅವಳು ಉರಿ ಹಿಂದಕ್ಕೆಳೆದಳು. ನಂದಿಸಲಿಲ್ಲ, ಎಳೆದಳು ಅಷ್ಟೆ. ಮುಖದ ಮೇಲೆ ನಗು ತಂದುಕೊಂಡಳು.

"ನಿಜ ಬುದ್ದಿ, ನಂದೇ ತಪ್ಪು. ಇಂಥ ನ್ಯಾಯವಂತ್ರನ್ನ ನಾವು ಬೈಕೊಂಡು ತಿರುಗ್ತೀವಿ. ಈ ಪುಣ್ಯಾತ್ಮರಿಗೆ ಒಂದು ತುಲಾಭಾರನಾದ್ರೂ ಮಾಡ್ಸಬಾರ್ದಾ? ಅವರ ತೂಕದ ಬೆಳ್ಳಿ ಕೊಡಿ ಬುದ್ದಿ. ಅವರ ಗಾಣದ ತಕ್ಕಡೀಲೇ ತೂಗಿ, ಅವರ ಕಟ್ಟಳೆ ಪ್ರಕಾರ್ವೇ ತೂಗಿ. ನಾವೆಲ್ಲ ಕಣ್ತುಂಬ ನೋಡ್ತೀವಿ."

ಬೆಳ್ಳಿ ಅಂದ ಕೂಡಲೇ ಮಲ್ಲರಸಯ್ಯನ ಕೈಯ ಗಿಂಡಿ ಬಾಗಿ ತುಪ್ಪ ರಾಜನ ಪಂಚೆಯ ಮೇಲೆ ಸುರಿಯಿತು.

"ಆಗಬಹುದೇನಯ್ಯಾ? ಗಾಣದ ಕಟ್ಟಳೆಯಂತೆ?" ಅಂತ ರಾಜ ಕೇಳಿದ.

"ಕಟ್ಟಳೆಯಂತೆಯೇ ಪ್ರಭು! ಅಕ್ಷರಶಃ!" ಅಂದ ಆ ಪೆದ್ದ. ಇಷ್ಟು ವರ್ಷ ಕಟ್ಟಳೆ ಮಾಡಿದವನು ಒಂದು ದಿನವೂ ಆ ಸಾಲಿನಲ್ಲಿ ನಿಂತವನಲ್ಲ. ಹಾಗಾಗಿ ಸಾಲೊಂದಿದೆ ಅನ್ನುವುದೇ ಅವನ ತಲೆಗೆ ಹೊಳೆಯಲಿಲ್ಲ.

ತುಲಾಭಾರಕ್ಕೆ ದಿನ ಗೊತ್ತಾಯಿತು. ಮಲ್ಲರಸಯ್ಯ ಮನೆಗೆ ಹೋಗಿ ತಿನ್ನಲು ಕೂತ. ಹೋಳಿಗೆಯಾದ ಮೇಲೆ ಕಡುಬು, ಕಡುಬಾದ ಮೇಲೆ ಕಜ್ಜಾಯ. ಸಾಲದು ಅಂತ ಒಂದು ದಪ್ಪ ಅಂಗಿ ಹೊಲಿಸಿ, ಅದರ ಒಳಮಡಿಕೆಗಳಲ್ಲಿ ಸೀಸದ ಗುಂಡು ತುಂಬಿಸಿದ. ಆ ಬೆಳಗ್ಗೆ ಎಲ್ಲವನ್ನೂ ತೊಟ್ಟು, ಮನೆಯ ತಕ್ಕಡಿಯಲ್ಲಿ ತೂಗಿಸಿಕೊಂಡು, ಇಷ್ಟು ಮಣ ಅಂತ ಅರಮನೆಗೆ ಹೇಳಿ ಕಳಿಸಿದ. ಅಷ್ಟೇ ತೂಕದ ಬೆಳ್ಳಿ ಗಾಣದ ತಕ್ಕಡಿಯ ಪಕ್ಕದಲ್ಲಿ ಮೊದಲೇ ಬಂದು ಕೂತಿತು.

ಓಲಗ ಊದಿಸಿಕೊಂಡು ಮಲ್ಲರಸಯ್ಯ ಗಾಣದ ಬಾಗಿಲಿಗೆ ಬಂದರೆ ಏನಿದೆ? ಸಾಲು! ತೂಬಿನಹಳ್ಳಿಯವರು, ಆಚೆ ಊರವರು, ಈಚೆ ಊರವರು, ದ್ಯಾವಮ್ಮ ಹೇಳಿ ಕಳಿಸಿದ್ದಕ್ಕೆ ಎಲ್ಲರೂ ಕೋಳಿ ಕೂಗುವ ಮುಂಚೆ ಬಂದು ಗಾಡಿ ನಿಲ್ಲಿಸಿದ್ದಾರೆ. ಪಕ್ಕದ ಚಪ್ಪರದಲ್ಲಿ ರಾಜ ಕೂತಿದ್ದಾನೆ.

"ದಾರಿ ಬಿಡಿಸೋ ಮುದ್ದಯ್ಯ!"

ಕಾವಲುಗಾರ ಮುದ್ದಯ್ಯ ಕೋಲು ಅಡ್ಡ ಹಿಡಿದ. ಆ ಕೋಲು ಹಿಡಿದು ಹಿಡಿದು, ತನ್ನ ಜನದ ಶಾಪವೆಲ್ಲ ತನ್ನ ತಲೆಗೇ ಕಟ್ಟಿಕೊಂಡು ಸಾಕಾಗಿದ್ದವನು ಅವನು. "ಮೊದ್ಲು ಬಂದೋರು ಮೊದ್ಲು ಸ್ವಾಮಿ. ನೀವೇ ಹೇಳ್ಕೊಟ್ಟಿದ್ದು. ನಿಂತ್ಕಳಿ."

ಮಲ್ಲರಸಯ್ಯ ರಾಜನ ಕಡೆ ನೋಡಿದ. ಇದು ಅನ್ಯಾಯ ಅನ್ನೋಣವೆಂದರೆ, ತನ್ನ ಕಟ್ಟಳೆ ನ್ಯಾಯವಾದದ್ದೆಂದು ತಾನೇ ಹೇಳಿದ್ದಾನೆ. ಸಾಲು ಬಿಟ್ಟು ಹೋಗೋಣವೆಂದರೆ ಆ ಕಡೆ ಬೆಳ್ಳಿ ಫಳಫಳ ಹೊಳೆಯುತ್ತಿದೆ. ಸರಿ, ನಿಂತ. ನಿಂತ ತಕ್ಷಣ ಅವನ ಬೆನ್ನಿಗೆ ಒಂದು ಗಾಡಿ ಬಂದು ನಿಂತಿತು. ದ್ಯಾವಮ್ಮನ ಮೂರನೆಯ ಗಾಡಿ, ಗದ್ದೆಯಲ್ಲಿ ಉಳಿದಿದ್ದ ಕಡೆಯ ಕಬ್ಬು.

ಬೋರಯ್ಯ ಗಾಬರಿಯಾಗಿ ಅವಳ ಸೆರಗು ಎಳೆದ. "ಅಯ್ಯೋ ಇವ್ಳೇ, ಅವನ್ನ ಒಣಗಿಸಾಕೆ ನಮ್ ಕಬ್ಬೂ ಒಣಗ್ತದಲ್ಲೇ! ಇದೂ ಹಗುರ ಆದ್ರೆ ತೂಬು ಮುಚ್ತಾರೆ."

"ಮುಚ್ಲಿ. ನಾ ಹಿಂದೆ ನಿಂತಿದ್ರೆ ಅವ್ನು ಸಾಲು ಬಿಡಕ್ಕಿಲ್ಲ. ಬಿಟ್ರೆ ನನ್ನ ಗಾಡಿ ಹಿಂದೆ ಬರಬೇಕು. ನನ್ನ ಹಿಂದೆ ನಿಲ್ಲಾಕೆ ಅವನ ಮೀಸೆ ಬುಟ್ಟದಾ?"

ಮೊದಲ ದಿನ. ಒಳಗಿಂದ ಗಾಣದಾಳು ಕೂಗಿದ: "ಉರುಳೆ ಕೆಟ್ಟದೆ!" ಸಾಲು ಕದಲಲಿಲ್ಲ. ಸೀಸದ ಅಂಗಿಯೊಳಗೆ ಮಲ್ಲರಸಯ್ಯ ಬೆಂದ. ಬೆವರು ಮೂಗಿನ ತುದಿಯಿಂದ ತೊಟ್ಟಿಕ್ಕಿತು.

ಎರಡನೆಯ ದಿನ. ಒಲೆಯಾಳು ಕೂಗಿದ: "ಕೊಪ್ಪರಿಗೆ ತೊಳೀತಾ ಇದೀವಿ!" ದ್ಯಾವಮ್ಮ ಕುಡಿಯಲು ನೀರು ಕೊಟ್ಟಳು, ಮುದ್ದೆಯನ್ನೂ ನೀಡಿದಳು. "ತಗೋ, ಸಾಯ್ಬೇಡ. ನಾವು ನಿನ್ನಂಗಲ್ಲ." ನೀರು ಕುಡಿದ. ಮುದ್ದೆಯನ್ನು, ಅದೂ ಕಬ್ಬಿನ ಗಾಡಿಯ ನೆರಳಲ್ಲಿ, ಅವನ ನಾಲಗೆ ಮುಟ್ಟಲಿಲ್ಲ. ಕಜ್ಜಾಯ ತರಿಸಿ ಅಂದ. ಮನೆಯಾಳು ಕಜ್ಜಾಯದ ಬುಟ್ಟಿ ತಂದರೆ ಮುದ್ದಯ್ಯ ಕೋಲು ಚಾಚಿದ: "ಸಾಲಿನಲ್ಲಿ ನಿಂತ ಮಾಲಿಗೆ ಹೊರಗಿಂದ ಏನೂ ಸೇರಿಸಂಗಿಲ್ಲ ಸ್ವಾಮಿ. ತೂಕ ಏರ್ತದೆ. ಅವತ್ತು ದ್ಯಾವಮ್ಮನ ಒದ್ದೆ ತಾಟು ಕಿತ್ ಬಿಸಾಕಿದ್ದು ಮರ್ತ್ರಾ?"

ಚಪ್ಪರದಲ್ಲಿ ರಾಜ ಹೋಳಿಗೆ ಮುರಿಯುತ್ತಿದ್ದವನು ಕೈ ತಡೆದ. ಮುದ್ದಯ್ಯನನ್ನು ಕರೆದು ಕೇಳಿದ.

"ಇಲ್ಲಿ ದಿನವೂ ಹೀಗೆಯೇ?"

"ದಿನಾ ಹಿಂಗೇ ಬುದ್ದಿ."

"ಎಲ್ಲರಿಗೂ?"

"ಇವತ್ತಿನವರ್ಗೂ ಅಯ್ಯನೋರೊಬ್ರನ್ನ ಬುಟ್ಟು ಎಲ್ರಿಗೂ."

ರಾಜ ಆ ಹೋಳಿಗೆಯನ್ನು ತಟ್ಟೆಗೇ ವಾಪಸ್ ಇಟ್ಟ.

ಮೂರನೆಯ ದಿನ ಮುದ್ದಯ್ಯನೇ ಕೂಗಿದ: "ತಕ್ಕಡಿ ಹಿಡಿಯೋನು ಊಟಕ್ಕೆ ಹೋಗವ್ನೆ!"

"ಬೆಳಗ್ಗೆಯಿಂದಲೂ?" ಅಂತ ಕಿರುಚಿದ ಮಲ್ಲರಸಯ್ಯ.

"ಬಡವ್ರ ಊಟ ಸ್ವಾಮಿ. ಸಿಕ್ಕಿದ್ ದಿನ ನಿಧಾನಕ್ಕೆ ಉಣ್ತಾರೆ."

ಸಾಲಿನುದ್ದಕ್ಕೂ ನಗು ಹರಿಯಿತು. ದ್ಯಾವಮ್ಮ ಮಾತ್ರ ನಗಲಿಲ್ಲ. ಅವಳ ಕಣ್ಣು ತನ್ನ ಗಾಡಿಯ ಮೇಲಿತ್ತು. ಜಲ್ಲೆಗಳ ಬಣ್ಣ ಇಳಿದು ಗಿಣ್ಣುಗಳು ಎದ್ದು ಕಾಣುತ್ತಿದ್ದವು. ಒಂದು ವರ್ಷದ ಕೂಸನ್ನು ಬಿಸಿಲಲ್ಲಿ ಮಲಗಿಸಿದ ಹಾಗೆ ಅವಳಿಗೆ ಸಂಕಟವಾಗುತ್ತಿತ್ತು, ಸಂಕಟವಾದಷ್ಟೂ ಹಲ್ಲು ಕಚ್ಚಿದಳು.

ಹೊತ್ತು ಇಳಿಯುವಾಗ ತಕ್ಕಡಿಯವನು ಬಂದು ಮುಂದಿದ್ದ ಗಾಡಿಗಳನ್ನೆಲ್ಲ ತೂಗಿ ಮುಗಿಸಿದ, ಮಲ್ಲರಸಯ್ಯನ ಸರದಿ ಬಂತು. ತಕ್ಕಡಿಯ ಕಡೆ ಓಡಿದ. ಆಳುಗಳು ತಡೆದರು.

"ತಡೀರಿ ಸ್ವಾಮಿ, ಸವರಬೇಕು. ಮೊದ್ಲು ಸೋಗೆ!" ಅವನ ರುಮಾಲು ಹಾರಿತು.

"ಈಗ ಬುಡದ ಮಣ್ಣು!" ಕಾಲಿನ ಬೆಳ್ಳಿ ಗುಬಟಿನ ಜೋಡು ಕಳಚಿದರು.

"ಇನ್ನು ತರಗು!" ಅಂಗಿಗೆ ಕೈ ಹಾಕಿದರು. ಅವನು ಬೇಡ ಬೇಡ ಅಂದ. ಎಳೆದಾಟದಲ್ಲಿ ಹೊಲಿಗೆ ಬಿಚ್ಚಿತು. ಟಣ್, ಟಣ್, ಟಣ್ ಅಂತ ಸೀಸದ ಗುಂಡು ಒಂದೊಂದಾಗಿ ರಾಜನ ಕಾಲಬಳಿ ಉರುಳಿ ಹೋದವು.

"ಇದ್ಯಾವ ತಳಿ ಕಬ್ಬು ಬುದ್ದಿ," ಅಂದ ಮುದ್ದಯ್ಯ, "ತರಗಿನಲ್ಲಿ ಸೀಸ ಬುಡ್ತದೆ!"

ರಾಜ ನಗಲಿಲ್ಲ. "ತೂಗಿ," ಅಂದ.

ಒಂದು ತಟ್ಟೆಗೆ ಬೆಳ್ಳಿ ಏರಿಸಿದರು, ಇನ್ನೊಂದರಲ್ಲಿ ಮಲ್ಲರಸಯ್ಯ ಕೂತ. ಅವನ ತಟ್ಟೆ ಮೇಲಕ್ಕೆ ಹೋಯಿತು. ಬೆಳ್ಳಿಯ ತಟ್ಟೆ ನೆಲ ಕಚ್ಚಿತ್ತು. ಬೊಕ್ಕಸದವನು ಬಂದು ಒಂದು ಬೊಗಸೆ ಬೆಳ್ಳಿ ತೆಗೆದ. ಸರಿಯಾಗಲಿಲ್ಲ. ಇನ್ನೊಂದು ಬೊಗಸೆ ತೆಗೆದ. ಸರಿಯಾಗಲಿಲ್ಲ. ಮೂರನೆಯ ಬೊಗಸೆಗೆ ಕೈ ಹಾಕುವಾಗ ಮಲ್ಲರಸಯ್ಯನಿಗೆ ತಡೆಯಲಾಗಲಿಲ್ಲ. ಸೀಸ ಬಿದ್ದದ್ದು ಮರೆತ, ರಾಜನಿದ್ದದ್ದು ಮರೆತ, ಆಸ್ಥಾನದಲ್ಲಿ ಆಡಿದ ಮಾತೂ ಮರೆತ. ತಟ್ಟೆಯಲ್ಲೇ ಎದ್ದು ನಿಂತು ಅರಚಿದ:

"ಇದು ಮೋಸ! ಬಿಸಿಲಲ್ಲಿ ನಿಲ್ಲಿಸಿ ನಿಲ್ಲಿಸಿ ನನ್ನ ಮೈಯ ನೀರನ್ನೆಲ್ಲ ಆರಿಸಿಬಿಟ್ಟರು! ಹೀಗೆ ಕಾಯಿಸಿದರೆ ಯಾವುದು ತಾನೆ ಹಗುರವಾಗುವುದಿಲ್ಲ? ಬರುವಾಗ ಇದ್ದ ತೂಕ ನನ್ನದು! ಇದು ಕಳ್ಳತನ! ಹಗಲು ಕಳ್ಳತನ!"

ಸಾಲಿನಲ್ಲಿದ್ದವರೆಲ್ಲ ಗಾಡಿ ಬಿಟ್ಟು ತಕ್ಕಡಿಯ ಸುತ್ತ ಬಂದು ನಿಂತರು.

ದ್ಯಾವಮ್ಮ ಮುಂದೆ ಬಂದಳು. ಇಷ್ಟು ದಿನ ಹಿಂದಕ್ಕೆಳೆದಿದ್ದ ಉರಿಯನ್ನು ಈಗ ಒಲೆಗೆ ನೂಕಿದಳು.

"ಕೇಳುಸ್ಕಂಡ್ರಾ ಬುದ್ದಿ? ನಾ ಅವತ್ತು ಹೇಳ್ದಾಗ ನಗಾಡಿದ್ರಲ್ಲ, ಈಗ ನಗಿ! ಮೂರೇ ದಿನ ನಿಂತಿದ್ದಕ್ಕೆ ಇವನ್ಗೆ ಕಳ್ತನ ಅಂತ ಗೊತ್ತಾಯ್ತು. ನಮ್ಮನ್ನ ವರ್ಸ ವರ್ಸ ನಿಲ್ಸಿದ್ನಲ್ಲ, ಅದಕ್ಕೇನ್ ಹೆಸರು? ಕದ್ದೋನು ಇವ್ನು, ಕಳ್ಳಿ ಅನ್ನುಸ್ಕಂಡೋಳು ನಾನು! ಮತ್ತೆ ನೀವು? ನೀವು ತಿಂದ ಒಂದೊಂದು ಬೆಲ್ಲದಚ್ಚೂ ಈ ಬಾಗ್ಲಲ್ಲಿ ಒಣಗಿದ್ದು. ಸಿಹಿ ಐತಾ ಅಂತ ನೋಡಿದ್ರಿ. ಎಲ್ಲಿಂದ ಬಂತು ಅಂತ ನೋಡಿದ್ರಾ?"

ಬೋರಯ್ಯ ಕಣ್ಣು ಮುಚ್ಚಿಕೊಂಡ, ಹೆಂಡತಿಯ ತಲೆ ಹೋಗುವುದನ್ನು ನೋಡಲಾರೆ ಅಂತ.

ಸೋಮರಾಜ ಎದ್ದ. ಚಪ್ಪರದಿಂದ ಇಳಿದು ಬಂದ. "ನೋಡಲಿಲ್ಲ ತಾಯಿ," ಅಂದ. ಅಷ್ಟೇ ಅಂದ. ಕೆಲವು ಸಲ ರಾಜರಿಗೆ ಅಷ್ಟು ಹೇಳುವುದೇ ಪಟ್ಟಾಭಿಷೇಕಕ್ಕಿಂತ ಕಷ್ಟ.

ಅಲ್ಲಿಯೇ ನಿಂತು ಆಜ್ಞೆ ಹೊರಡಿಸಿದ. ಊರೂರಿನ ಗಾಣಗಳ ಮುದ್ರೆ ಒಡೆಯಿತು. ರಾಜಗಾಣಕ್ಕೆ ಬಂದ ಕಬ್ಬನ್ನು ಬಂದ ದಿನವೇ ತೂಗಬೇಕು. ಸೂರ್ಯ ಮುಳುಗಿದರೆ ಕಡಿಮೆ ಬಿದ್ದ ತೂಕ ಗಾಣದವರ ತಲೆಯ ಮೇಲೆ. ದ್ಯಾವಮ್ಮನ ಮೂರೂ ಗಾಡಿ ಸರಿತೂಗಿದವೆಂದು ಸಾರಿದರು. ಒಣಗಿದ ಗದ್ದೆಗಳು ಮಲ್ಲರಸಯ್ಯನ ಭಾವಮೈದುನನ ಕೈಯಿಂದ ಉತ್ತವರ ಕೈಗೆ ವಾಪಸಾದವು.

"ಇವನನ್ನು ಏನು ಮಾಡಲಿ?" ಅಂತ ರಾಜ ಕೇಳಿದ. ಒಬ್ಬ ಆನೆಯ ಕಾಲಿಗೆ ಹಾಕಿ ಅಂದ, ಇನ್ನೊಬ್ಬ ಕತ್ತೆಯ ಮೇಲೆ ಕೂರಿಸಿ ಅಂದ.

"ಆನೆ ಕತ್ತೆಗೆಲ್ಲ ಯಾಕೆ ತೊಂದ್ರೆ?" ಅಂದಳು ದ್ಯಾವಮ್ಮ. "ಒಂದು ಗುಂಟೆ ಗದ್ದೆ ಕೊಡಿ. ಕಬ್ಬು ಬೆಳೀಲಿ. ಅವನೇ ಕಡಿದು, ಅವನೇ ಗಾಡಿ ಹೊಡ್ಕಂಡ್ ಬರ್ಲಿ. ಬಂದ ದಿನ್ವೇ ತೂಗಿ ಕಳಿಸ್ತೀವಿ. ಕಾಯ್ಸಾಕಿಲ್ಲ. ಅದೇ ಅವನ್ಗೆ ಶಿಕ್ಷೆ."

ಮಲ್ಲರಸಯ್ಯ ಕಬ್ಬು ನೆಟ್ಟ. ಗರಿ ಅವನ ತೋಳನ್ನೆಲ್ಲ ಗೀರಿತು. ಅವನು ಒಳ್ಳೆಯವನಾದನೋ ಇಲ್ಲವೋ, ಅದನ್ನು ಹೇಳಿದವರಿಲ್ಲ. ಆದರೆ ತೂಬಿನಹಳ್ಳಿಯ ತೂಬು ಮುಚ್ಚಲಿಲ್ಲ, ದ್ಯಾವಮ್ಮನ ಕೂಳೆ ಆಳೆತ್ತರ ಬೆಳೆಯಿತು. ಸಿಟ್ಟು ಇಳಿಯಿತೇನವ್ವ ಅಂತ ಯಾರೋ ಅವಳನ್ನು ಕೇಳಿದರಂತೆ. "ಯಾಕಿಳೀಬೇಕು? ನಾಳೆ ಬೇರೆಯೋನು ಬತ್ತಾನೆ," ಅಂದು ಕುಡುಗೋಲು ಮಸೆಯಲು ಕೂತಳಂತೆ.

ನೀತಿ ಏನಪ್ಪಾ ಅಂದರೆ ಇಷ್ಟು: ದುಡಿದವರನ್ನು ಬಾಗಿಲಲ್ಲಿ ಕಾಯಿಸುವುದೂ ಕಳ್ಳತನವೇ, ಎಲ್ಲಿಂದ ಬಂತು ಅಂತ ಕೇಳದೆ ಉಣ್ಣುವವನು ಆ ಕಳ್ಳನ ಪಾಲುಗಾರ. ನ್ಯಾಯದ ಸಿಟ್ಟನ್ನು ಉಕ್ಕಿಸಿ ಚೆಲ್ಲಬೇಡಿ, ನಂದಿಸಲೂ ಬೇಡಿ. ಹದ ನೋಡಿ ಉರಿಸಿ.

ಅವರ ಗದ್ದೆಗೆ ನೀರು ಬಂತು, ನನ್ನ ಬಾಯಿಯ ನೀರು ಆರಿತು. ಏಳಿ ಇನ್ನು.